ವೇಗದ ರೈಲು ಮತ್ತು ರೈತನ ಲೆಕ್ಕ



ಇವತ್ತು ನಾನು ಮಾತಾಡಬೇಕೆಂದಿರುವುದು ಬಿತ್ತನೆಯ ವಿಷಯವಲ್ಲ, ಗೊಬ್ಬರದ ವಿಷಯವಲ್ಲ. ಒಂದು ರೈಲಿನ ವಿಷಯ. ರೈಲಿಗೂ ಬೇಸಾಯಕ್ಕೂ ಏನಪ್ಪ ಸಂಬಂಧ ಎಂದು ನೀವು ಕೇಳಬಹುದು. ರೈಲಿನ ಕಂಬಿ ಹಾಯುವುದು ಯಾರದೋ ಹೊಲದ ಮೇಲೆ, ಯಾರದೋ ತೋಟದ ನಡುವೆ. ಆದ್ದರಿಂದ ರೈಲಿನ ಖರ್ಚಿನ ಮಾತು ಬಂದಾಗ ರೈತನಿಗೂ ಅದರಲ್ಲಿ ಒಂದು ಲೆಕ್ಕವಿರುತ್ತದೆ. ಆ ಲೆಕ್ಕವನ್ನು ಪೇಟೆಯವರು ನಮ್ಮ ಪರವಾಗಿ ಹಾಕಿಕೊಡುವುದಿಲ್ಲ.

ಮುಂಬಯಿಯಿಂದ ಅಹಮದಾಬಾದಿಗೆ ಹೊಸದೊಂದು ರೈಲುದಾರಿ ಆಗುತ್ತಿರುವುದನ್ನು ನೀವೆಲ್ಲ ಕೇಳಿದ್ದೀರಿ. ಬುಲೆಟ್ ರೈಲು ಅಂತ ಜನ ಕರೆಯುತ್ತಾರೆ. ಗಂಟೆಗೆ 320 ಕಿಲೋಮೀಟರ್ ವೇಗ. ದಾರಿಯ ಉದ್ದ 508 ಕಿಲೋಮೀಟರ್. ನಡುವೆ ನಿಲ್ದಾಣಗಳು ತುದಿಯ ಎರಡೂ ಸೇರಿ ಹನ್ನೆರಡೇ. ಕೆಲವೇ ಕಡೆ ನಿಲ್ಲುವ ಗಾಡಿ ಎರಡು ಗಂಟೆ ಏಳು ನಿಮಿಷದಲ್ಲಿ ಊರು ಮುಟ್ಟಿಸುತ್ತದೆಂದು ಯೋಜನೆ. 2017ರ ಸೆಪ್ಟೆಂಬರ್ 14ರಂದು ನಮ್ಮ ಪ್ರಧಾನಮಂತ್ರಿಗಳೂ ಜಪಾನಿನ ಆಗಿನ ಪ್ರಧಾನಮಂತ್ರಿ ಶಿಂಜೊ ಆಬೆಯವರೂ ಸೇರಿ ಅಹಮದಾಬಾದಿನಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು.

ಅದು ಗುಜರಾತಿನವರ, ಮಹಾರಾಷ್ಟ್ರದವರ ಮಾತಾಯಿತು, ನಮಗೇನು ಅನ್ನಬೇಡಿ. ಚೆನ್ನೈಯಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಇಂಥದೇ ದಾರಿ ಮಾಡಬಹುದೆ ಎಂದು ನೋಡಲು ರೈಲ್ವೆ ಇಲಾಖೆ ಆರಿಸಿದ ಪಟ್ಟಿಯಲ್ಲಿ ಸುಮಾರು 435 ಕಿಲೋಮೀಟರಿನ ಒಂದು ದಾರಿ ಇದೆ. 2026ರ ಕೇಂದ್ರ ಮುಂಗಡ ಪತ್ರದ ಭಾಷಣದಲ್ಲಿ ಹೆಸರಿಸಿದ ಏಳು ವೇಗದ ದಾರಿಗಳಲ್ಲಿ ಹೈದರಾಬಾದ್–ಬೆಂಗಳೂರು ಒಂದು, ಚೆನ್ನೈ–ಬೆಂಗಳೂರು ಇನ್ನೊಂದು. ಹೆಸರು ಹೇಳಿದ ಮಾತ್ರಕ್ಕೆ ನಾಳೆಯೇ ಗೂಟ ನೆಡುತ್ತಾರೆ ಎಂದಲ್ಲ. ಆದರೆ ಪಶ್ಚಿಮದ ಆ ಎರಡು ರಾಜ್ಯಗಳ ರೈತರು ಹತ್ತು ವರ್ಷ ಏನೇನು ನೋಡಿದರು ಎಂಬುದನ್ನು ನಾವು ಈಗಲೇ ತಿಳಿದುಕೊಂಡರೆ ನಷ್ಟವೇನೂ ಇಲ್ಲ.

ಮೊದಲು ದುಡ್ಡಿನ ಮಾತು. ಅಡಿಗಲ್ಲು ಹಾಕಿದಾಗ ಹೇಳಿದ ಅಂದಾಜು ಒಂದು ಲಕ್ಷ ಎಂಟು ಸಾವಿರ ಕೋಟಿ ರೂಪಾಯಿ. ಹಂಚಿ ನೋಡಿದರೆ ಕಿಲೋಮೀಟರಿಗೆ ಇನ್ನೂರು ಕೋಟಿಗೂ ಮೇಲಾಯಿತು. ಇಷ್ಟು ಹಣ ಎಲ್ಲಿಂದ? ನೂರಕ್ಕೆ 81 ಪಾಲು, ಅಂದರೆ ಸುಮಾರು 88 ಸಾವಿರ ಕೋಟಿ, ಜಪಾನಿನಿಂದ ಸಾಲ. ಬಡ್ಡಿ ವರ್ಷಕ್ಕೆ ನೂರು ರೂಪಾಯಿಗೆ ಹತ್ತು ಪೈಸೆ. ಐವತ್ತು ವರ್ಷದಲ್ಲಿ ತೀರಿಸಬೇಕು. ಮೊದಲ ಹದಿನೈದು ವರ್ಷ ಅಸಲು ಕಟ್ಟಬೇಕಾಗಿಲ್ಲ. ಮಿಕ್ಕ ಬಂಡವಾಳದಲ್ಲಿ ಹತ್ತು ಸಾವಿರ ಕೋಟಿ ಕೇಂದ್ರದ್ದು, ಐದೈದು ಸಾವಿರ ಕೋಟಿ ಆ ಎರಡು ರಾಜ್ಯಗಳದ್ದು.

ಹತ್ತು ಪೈಸೆ ಬಡ್ಡಿಯ ಸಾಲ ಯಾರು ಬಿಡುತ್ತಾರೆ? ಇದು ಪುಕ್ಕಟೆ ಸಿಕ್ಕಿದ ಹಾಗೆ ಎಂದು ಒಂದು ಪಕ್ಷದವರು ಹೇಳಿದರು. ಇಲ್ಲಿ ಒಂದು ಸೂಕ್ಷ್ಮವಿದೆ, ನೋಡಿ. ಸಾಲ ತಂದದ್ದು ಜಪಾನಿನ ಯೆನ್ ನಾಣ್ಯದಲ್ಲಿ, ತೀರಿಸಬೇಕಾದ್ದೂ ಅದೇ ನಾಣ್ಯದಲ್ಲಿ. ಹಿಂದೆ ನಮ್ಮಲ್ಲಿ ಕಾಳುಸಾಲ ಅಂತ ಇತ್ತಲ್ಲ, ಹಾಗೆ. ಹತ್ತು ಪಲ್ಲ ರಾಗಿ ತಂದವನು ಹತ್ತು ಪಲ್ಲ ರಾಗಿಯನ್ನೇ ಅಳೆಯಬೇಕು. ತೀರಿಸುವ ವರ್ಷ ರಾಗಿಯ ಧಾರಣೆ ಏರಿದ್ದರೆ, ಬಡ್ಡಿ ಸೊನ್ನೆಯಾದರೂ ಸಾಲಗಾರನ ಬೆನ್ನು ಬಗ್ಗುತ್ತದೆ. ಇಳಿದಿದ್ದರೆ ಅವನ ಅದೃಷ್ಟ. ಇನ್ನು ಐವತ್ತು ವರ್ಷ ಯೆನ್ನಿನ ಧಾರಣೆ ಹೇಗಿರುತ್ತದೆಂದು ಯಾವ ಪಂಡಿತನೂ ಹೇಳಲಾರ. ಕೊನೆಯ ಕಂತು ಕಟ್ಟುವವರು ಇವತ್ತು ಶಾಲೆಗೆ ಹೋಗುತ್ತಿರುವ ಮಕ್ಕಳು. ಆದ್ದರಿಂದ ಬಡ್ಡಿ ಕಡಿಮೆ ಎಂಬುದು ನಿಜ, ಪುಕ್ಕಟೆ ಎಂಬುದು ನಿಜವಲ್ಲ.

ಇದು ಬೇಕೆ, ಬೇಡವೆ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಅಡಿಗಲ್ಲು ಹಾಕಿ ಹದಿನೈದು ದಿನ ಕಳೆದಿತ್ತು, ಅಷ್ಟೆ. ಅದೇ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ಮೇಲೆ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ದಿನಾಲೂ ಕೂಲಿಗೆ, ನೌಕರಿಗೆ ಹೋಗುವ ಜನಕ್ಕೆ ಅಗಲವಾದ ಸೇತುವೆ ಇಲ್ಲ, ನಿಮಗೆ ಗುಂಡಿನ ವೇಗದ ಗಾಡಿ ಬೇಕೆ ಎಂದು ಜನ ಕೇಳಿದರು. ಕೊಂಕಣ ರೈಲ್ವೆಯನ್ನು ಕಟ್ಟಿಸಿದ ಇ. ಶ್ರೀಧರನ್ ಅವರು, ಅಂದರೆ ನಮ್ಮ ಕಾರವಾರ ಕುಮಟೆಯವರು ದಿನಾ ಓಡಾಡುವ ದಾರಿಯನ್ನು ಮಾಡಿಸಿದವರು, ಇದು ಉಳ್ಳವರ ಗಾಡಿ, ದೇಶಕ್ಕೆ ಬೇಕಾದ್ದು ಚೊಕ್ಕವಾದ, ಸುರಕ್ಷಿತವಾದ, ಸಾಕಷ್ಟು ವೇಗದ ಮಾಮೂಲು ರೈಲು ಎಂಬ ಅರ್ಥದಲ್ಲಿ 2018ರಲ್ಲಿ ಹೇಳಿದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 2022ರಿಂದ ಓಡುತ್ತಿರುವ ವಂದೇ ಭಾರತ್ ಗಾಡಿ ಹಳೆಯ ಕಂಬಿಯ ಮೇಲೆಯೇ ಐದೂವರೆ ಗಂಟೆಯ ಆಸುಪಾಸಿನಲ್ಲಿ ಅದೇ ದೂರ ಹೋಗುತ್ತದೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಜಗತ್ತಿನ ಮೊದಲನೆಯ ಇಂಥ ರೈಲು ಓಡಿದ್ದು 1964ರ ಅಕ್ಟೋಬರ್ 1ರಂದು, ಜಪಾನಿನ ಟೋಕಿಯೋದಿಂದ ಒಸಾಕಾಕ್ಕೆ. ಆಗ ಅವರೂ ಯುದ್ಧದಲ್ಲಿ ಸೋತು ಎದ್ದು ನಿಲ್ಲುತ್ತಿದ್ದ ದೇಶ. ವಿಶ್ವಬ್ಯಾಂಕಿನಿಂದ ಎಂಟು ಕೋಟಿ ಡಾಲರ್ ಸಾಲ ತಂದಿದ್ದರು. ವಿಮಾನ ಬಂದಿದೆ, ಮೋಟಾರು ಬಂದಿದೆ, ಇನ್ನು ಮೇಲೆ ರೈಲನ್ನು ಯಾರು ಕೇಳುತ್ತಾರೆ ಎಂದು ಅಲ್ಲಿಯೂ ನಕ್ಕವರಿದ್ದರು. ಖರ್ಚು ಮೊದಲ ಅಂದಾಜಿನ ಸುಮಾರು ಎರಡರಷ್ಟಾಯಿತು. ಅದರ ಹೊಣೆ ಹೊತ್ತು ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೊ 1963ರಲ್ಲಿ ಹುದ್ದೆ ಬಿಟ್ಟರು. ಮುಖ್ಯ ಇಂಜಿನಿಯರರೂ ಅವರ ಹಿಂದೆಯೇ ಹೊರಟರು. ಆದರೂ ಆ ದಾರಿ ಮುಂದೆ ಸಾಲ ತೀರಿಸಿತು, ಲಾಭವನ್ನೂ ತಂದಿತು. ಈಗ ಅದಿಲ್ಲದೆ ಜಪಾನನ್ನು ಊಹಿಸುವುದೇ ಕಷ್ಟ. ಖರ್ಚು ಹೆಚ್ಚಾಯಿತು ಎಂದ ಮಾತ್ರಕ್ಕೆ ಕೆಲಸ ಕೆಟ್ಟದ್ದಲ್ಲ ಎಂದು ರೈಲಿನ ಪರವಾದವರು ಇದನ್ನು ತೋರಿಸುತ್ತಾರೆ. ತೋರಿಸಲಿ. ಆದರೆ ಖರ್ಚು ಮೀರಿದಾಗ ಅಲ್ಲಿ ಒಬ್ಬ ದೊಡ್ಡ ಮನುಷ್ಯ ಕುರ್ಚಿ ಬಿಟ್ಟ, ಅದನ್ನೂ ಜೊತೆಗೆ ಹೇಳಬೇಕಲ್ಲವೆ?

ಈ ಎರಡು ಪಕ್ಷದ ಮಾತಿನಲ್ಲಿ ಗಂಟೆಯ ಲೆಕ್ಕ ಇದೆ, ಕೋಟಿಯ ಲೆಕ್ಕ ಇದೆ. ಎಕರೆ ಗುಂಟೆಯ ಲೆಕ್ಕ ಎಲ್ಲಿ? ಅದನ್ನು ಈಗ ನೋಡೋಣ.

ಈ ದಾರಿಗೆ ಬೇಕಾದ ಭೂಮಿ ಸುಮಾರು 1,389 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 3,430 ಎಕರೆ. ಒಂದು ದೊಡ್ಡ ಅಣೆಕಟ್ಟಿಗೆ ಮುಳುಗುವ ನೆಲದ ಮುಂದೆ ಇದೇನೂ ಅಲ್ಲ ಎನ್ನಬಹುದು. ಆದರೆ ಕೆರೆಯ ಹಾಗೆ ಒಂದೇ ಕಡೆ ಅಲ್ಲ, ಇದು ದಾರದ ಹಾಗೆ ನೂರಾರು ಊರುಗಳ ಮೇಲೆ ಹಾಯುತ್ತದೆ. ಒಬ್ಬೊಬ್ಬನಿಗೆ ಹತ್ತು ಗುಂಟೆ, ಇಪ್ಪತ್ತು ಗುಂಟೆ ಹೋಗುತ್ತದೆ. ಅದೂ ಹೊಲದ ಅಂಚಿನಲ್ಲಲ್ಲ, ಮಧ್ಯದಲ್ಲಿ. ಬಾವಿ ಆ ಕಡೆ, ಹೊಲ ಈ ಕಡೆ ಆಗುವಂತೆ.

ಇಂಜಿನಿಯರುಗಳು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ, ಅದನ್ನು ಹೇಳಲೇಬೇಕು. ಈ ರೈಲಿನ ಬಹುಪಾಲು ದಾರಿಯನ್ನು ನೆಲದ ಮೇಲೆ ಹಾಕದೆ ಎತ್ತರದ ಕಂಬಗಳ ಮೇಲೆ ಸೇತುವೆಯಾಗಿ ಕಟ್ಟುತ್ತಿದ್ದಾರೆ. ಮಾಮೂಲು ರೈಲಿಗೆ ಮಣ್ಣಿನ ಏರಿ ಹಾಕುವುದಾದರೆ 36 ಮೀಟರ್ ಅಗಲದ ಪಟ್ಟಿ ಬೇಕು, ಕಂಬದ ಮೇಲಾದರೆ ಹದಿನೇಳೂವರೆ ಮೀಟರ್ ಸಾಕು ಎಂದು ಅವರ ಲೆಕ್ಕ. ಒಂದು ಕಿಲೋಮೀಟರ್ ಉದ್ದಕ್ಕೆ ಏರಿಯಾದರೆ 8 ಎಕರೆ 36 ಗುಂಟೆ ಹೋಗುತ್ತದೆ. ಕಂಬವಾದರೆ 4 ಎಕರೆ 13 ಗುಂಟೆ. ಅರ್ಧಕ್ಕಿಂತ ಕಡಿಮೆ. ಭೂಮಿ ಉಳಿಯುವುದಷ್ಟೇ ಅಲ್ಲ. ರೈಲ್ವೆ ಏರಿ ಹಾಕಿದ ಕಡೆಯ ರೈತರನ್ನು ಕೇಳಿ: ಮೇಲಿನ ಹೊಲದ ಮಳೆನೀರು ಹಳ್ಳಕ್ಕೆ ಹೋಗುವ ದಾರಿ ಕಟ್ಟಿಕೊಂಡು, ಆ ಕಡೆಯವನ ಬೆಳೆ ಕೊಳೆಯುತ್ತದೆ, ಈ ಕಡೆಯವನ ಕೆರೆ ಒಣಗುತ್ತದೆ. ಎತ್ತಿನ ಗಾಡಿ ಹೋಗಬೇಕಾದರೆ ಮೈಲಿ ಸುತ್ತಿ ಗೇಟಿಗೆ ಹೋಗಬೇಕು. ಕಂಬದ ಮೇಲಿನ ದಾರಿಗೆ ಈ ಕಾಟ ಕಡಿಮೆ. ಕೆಳಗೆ ನೀರೂ ಹರಿಯುತ್ತದೆ, ದನವೂ ದಾಟುತ್ತದೆ. ಆದ್ದರಿಂದ ನಾಳೆ ನಿಮ್ಮ ಸೀಮೆಗೆ ಯಾವುದೇ ರೈಲುದಾರಿ ಬರುವ ಸುದ್ದಿಯಾದರೆ, ಏರಿಯೋ ಕಂಬವೋ, ನಮ್ಮ ಹಳ್ಳಕ್ಕೆ ಎಷ್ಟು ಅಗಲದ ಮೋರಿ ಇಡುತ್ತೀರಿ ಎಂಬ ಪ್ರಶ್ನೆಯನ್ನು ದುಡ್ಡಿನ ಪ್ರಶ್ನೆಗಿಂತ ಮೊದಲೇ ಕೇಳಿ. ಬೇಸಗೆಯಲ್ಲಿ ಬಂದ ಇಂಜಿನಿಯರಿಗೆ ಹಳ್ಳ ಒಣ ಗುಂಡಿಯಾಗಿ ಕಾಣುತ್ತದೆ. ಅದು ಆಶ್ಲೇಷಾ ಮಳೆಯಲ್ಲಿ ಎಷ್ಟು ತುಂಬುತ್ತದೆಂದು ಗೊತ್ತಿರುವವರು ನೀವು.

ಹೊಲ ಕೊಟ್ಟವನಿಗೆ ರೈಲು ಸಿಗುತ್ತದೆಯೆ? ಮೊದಲೆಲ್ಲ ಉಗಿಬಂಡಿ ಬಂದಾಗ ಜನ ಜಾಗ ಬಿಟ್ಟುಕೊಟ್ಟು, ‘ನಮ್ಮೂರಿಗೂ ಟೇಸನ್ನು ಬಂತು’ ಅಂತ ಹೆಮ್ಮೆ ಪಟ್ಟರು. ಬೆಲ್ಲದ ಮೂಟೆ ಹೋಯಿತು, ಎಲೆ ಅಡಿಕೆ ಹೋಯಿತು, ಹುಡುಗರು ಕಾಲೇಜಿಗೆ ಹೋದರು. ಇಲ್ಲಿ ಆ ಸಂಗತಿಯಿಲ್ಲ. 508 ಕಿಲೋಮೀಟರಿನಲ್ಲಿ ಹನ್ನೆರಡು ನಿಲ್ದಾಣ ಎಂದರೆ ಸರಾಸರಿ 46 ಕಿಲೋಮೀಟರಿಗೆ ಒಂದು. ನಡುವಿನ ಊರಿನವರಿಗೆ ಅದು ತಲೆಯ ಮೇಲೆ ಹೋಗುವ ಸದ್ದು ಮಾತ್ರ. ಸೊಪ್ಪಿನ ಗಂಟು, ಹಾಲಿನ ಕ್ಯಾನು ಅದರಲ್ಲಿ ಏರುವಂತಿಲ್ಲ. ಲಾಭ ತುದಿಯ ಊರಿಗೆ, ಭಾರ ನಡುವಿನ ಊರಿಗೆ. ಹೀಗಿದ್ದ ಮೇಲೆ ನಡುವಿನ ಊರಿನವನಿಗೆ ಸಿಗುವ ಹಣ ಕೃಪೆಯಲ್ಲ, ಅದು ರೈಲಿನ ಖರ್ಚಿನ ಒಂದು ಭಾಗ. ಕಬ್ಬಿಣಕ್ಕೆ, ಸಿಮೆಂಟಿಗೆ ಪೂರಾ ಬೆಲೆ ಕೊಡುವಾಗ ಮಣ್ಣಿಗೆ ಮಾತ್ರ ಚೌಕಾಸಿ ಏಕೆ?

ಮಹಾರಾಷ್ಟ್ರದ ಪಾಲಘರ್ ಜಿಲ್ಲೆಯಿಂದ ಗುಜರಾತಿನ ವಲಸಾಡ್, ನವಸಾರಿಯವರೆಗೆ ಸಪೋಟದ ತೋಟಗಳು, ಮಾವಿನ ತೋಟಗಳು. ಅವರು ಸಪೋಟಕ್ಕೆ ಚಿಕ್ಕು ಎನ್ನುತ್ತಾರೆ. ಡಹಾಣು ಘೋಲವಡದ ಚಿಕ್ಕು ದೇಶದಲ್ಲೆಲ್ಲ ಹೆಸರಾದದ್ದು. ನಿಮ್ಮಲ್ಲಿ ಸಪೋಟ ಬೆಳೆದವರಿಗೆ ಗೊತ್ತು: ಗಿಡ ನೆಟ್ಟು ಕೆಲವು ವರ್ಷ ಸಾಕಬೇಕು, ಆಮೇಲೆ ಅಪ್ಪ ನೆಟ್ಟದ್ದನ್ನು ಮಗ ಕೊಯ್ಯುತ್ತಾನೆ, ಮೊಮ್ಮಗನೂ ಕೊಯ್ಯುತ್ತಾನೆ. ವರ್ಷವೆಲ್ಲ ಅಷ್ಟಿಷ್ಟು ಕಾಯಿ, ಮನೆಗೆ ಸಂಬಳ ಬಂದ ಹಾಗೆ. ಹೊಲದ ಬೆಳೆಯಾದರೆ ಮುಂದಿನ ವರ್ಷ ಬೇರೆ ಕಡೆ ಬಿತ್ತಿಯೇವು. ಮೂವತ್ತು ವರ್ಷದ ಮರವನ್ನು ಬೇರೆ ಕಡೆ ಇಡುವುದು ಹೇಗೆ? ಅದಕ್ಕೆ ಕಟ್ಟುವ ಬೆಲೆ ಸೌದೆಯ ಬೆಲೆಯೋ, ಇನ್ನು ಬಿಡಬೇಕಾಗಿದ್ದ ಹಣ್ಣಿನ ಬೆಲೆಯೋ? ನಮ್ಮ ತುಮಕೂರು, ಅರಸೀಕೆರೆ ಸೀಮೆಯ ತೆಂಗಿನ ತೋಟದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ಕಡೆಯ ರೈತರು 2018ರಲ್ಲಿ ಬೀದಿಗಿಳಿದಾಗ ಈ ಮಾತೂ ಅವರ ಬಾಯಲ್ಲಿತ್ತು.

ಗುಜರಾತಿನ ನೂರಕ್ಕೂ ಹೆಚ್ಚು ರೈತರು ಅಲ್ಲಿನ ಹೈಕೋರ್ಟಿಗೆ ಹೋದರು. ಸುಮಾರು ಸಾವಿರ ಮಂದಿ ಪ್ರಮಾಣಪತ್ರ ಬರೆದು ಕೊಟ್ಟರು. ಅವರು ಎತ್ತಿದ ಮಾತುಗಳಲ್ಲಿ ಎರಡನ್ನು ನಾವು ಗಮನಿಸಬೇಕು. ಒಂದು, ಊರಿನ ಮೇಲೆ ಈ ಯೋಜನೆಯಿಂದ ಏನಾಗುತ್ತದೆಂಬ ಸಾಮಾಜಿಕ ಪರಿಣಾಮದ ವಿಚಾರಣೆಯನ್ನೇ ಮಾಡಲಿಲ್ಲ ಎಂಬುದು. 2013ರ ಭೂಸ್ವಾಧೀನ ಕಾಯಿದೆ ಈ ವಿಚಾರಣೆ ಆಗಬೇಕೆನ್ನುತ್ತದೆ. ಗುಜರಾತ್ ಸರಕಾರ 2016ರಲ್ಲಿ ತಿದ್ದುಪಡಿ ಮಾಡಿ ಇಂಥ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತ್ತು. ಎರಡನೆಯದು, ಬೆಲೆ ಕಟ್ಟಲು ಆಧಾರವಾದ ಸರಕಾರಿ ದರದ ಪಟ್ಟಿ 2011ರದು, ಅದನ್ನು ಪರಿಷ್ಕರಿಸದೆ 2018ರಲ್ಲಿ ಭೂಮಿ ತೆಗೆದುಕೊಳ್ಳುವುದು ನ್ಯಾಯವೆ ಎಂಬುದು. 2019ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿತು. ಭೂಸ್ವಾಧೀನ ಕಾನೂನಿಗೆ ಸರಿಯಾಗಿದೆ ಎಂದಿತು. ಆದರೆ ಹೆಚ್ಚಿನ ಪರಿಹಾರ ಕೇಳುವ ಬಾಗಿಲನ್ನು ಮುಚ್ಚಲಿಲ್ಲ. ಬೇರೆ ಯೋಜನೆಗಳಲ್ಲಿ ಕೊಟ್ಟ ಹೆಚ್ಚಿನ ದರಕ್ಕೆ ದಾಖಲೆ ತೋರಿಸಿ ಕೇಳಬಹುದು ಎಂದಿತು. ಅಂದಹಾಗೆ ಆ ದರದ ಪಟ್ಟಿಯನ್ನು ಗುಜರಾತ್ ಸರಕಾರ ಕೊನೆಗೂ 2023ರ ಏಪ್ರಿಲಿನಲ್ಲಿ ಏರಿಸಿತು, ಒಮ್ಮೆಗೇ ಎರಡರಷ್ಟು! ಹಳೆಯ ಪಟ್ಟಿ ಎಷ್ಟು ಹಿಂದೆ ಬಿದ್ದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಹಾರಾಷ್ಟ್ರದ ಕಥೆ ಬೇರೆ. ಪಾಲಘರಿನಲ್ಲಿ ಆದಿವಾಸಿಗಳ ಊರುಗಳು ಹೆಚ್ಚು. ಹಲವು ಗ್ರಾಮಸಭೆಗಳು ಬೇಡವೆಂದು ಠರಾವು ಮಾಡಿದವು. 2019ರಲ್ಲಿ ಬಂದ ರಾಜ್ಯ ಸರಕಾರ ಯೋಜನೆಯನ್ನು ಮರುಪರಿಶೀಲಿಸುತ್ತೇವೆಂದಿತು. 2022ರಲ್ಲಿ ಸರಕಾರ ಬದಲಾದ ಮೇಲೆ ಕೆಲಸಕ್ಕೆ ವೇಗ ಬಂತು. ಒಪ್ಪಿಕೊಂಡು ನೇರವಾಗಿ ಮಾರಿದವರಿಗೆ ಕಾಯಿದೆಯ ಪರಿಹಾರದ ಮೇಲೆ ನೂರಕ್ಕೆ ಇಪ್ಪತ್ತೈದು ಹೆಚ್ಚು ಕೊಟ್ಟರು. ಮುಂಬಯಿಯ ಬಳಿ ಕಾಂಡ್ಲಾ ಕಾಡಿನ ಸುಮಾರು 22 ಸಾವಿರ ಮರ ಕಡಿಯಲು 2022ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಒಪ್ಪಿತು. ಬೇಕಾದ ಭೂಮಿ ಪೂರ್ತಿ ಕೈಸೇರಿತೆಂದು ರೈಲ್ವೆ ಮಂತ್ರಿಗಳು ಹೇಳಿದ್ದು 2024ರ ಜನವರಿಯಲ್ಲಿ.

ಗಾಡಿ ಓಡಬೇಕಾಗಿದ್ದದ್ದು 2022ರ ಆಗಸ್ಟ್ 15ಕ್ಕೆ. ಈಗ ಸೂರತ್ ಕಡೆಯ ಒಂದು ಭಾಗ 2027ರ ಆಗಸ್ಟಿನಲ್ಲಿ ಮೊದಲು ಓಡುವುದೆಂದು 2025ರಲ್ಲಿ ಹೇಳಿದ್ದಾರೆ. 2017ರ ಖರ್ಚಿನ ಅಂದಾಜು ಉಳಿಯುವುದಿಲ್ಲ ಎಂಬುದನ್ನು ರೈಲ್ವೆಯವರೇ ಒಪ್ಪಿದ್ದಾರೆ. ತಡವಾದ್ದಕ್ಕೆ ರೈತರೇ ಕಾರಣ ಎಂದು ಪೇಟೆಯಲ್ಲಿ ಸುಲಭವಾಗಿ ಆಡಿಬಿಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲೇ ಊರಿಗೆ ಬಂದು ಕೂತು, ನಕಾಶೆ ಬಿಚ್ಚಿ, ಸರಿಯಾದ ದರ ಹೇಳಿದ್ದರೆ ಕೋರ್ಟಿನಲ್ಲಿ ಕಳೆದ ಕಾಲ ಎಷ್ಟೋ ಉಳಿಯುತ್ತಿತ್ತು. ಅಂದಾಜಿನಲ್ಲಿ ಭೂಮಿಯ ಬಾಬನ್ನು ಕಡಿಮೆ ಮಾಡಿ ಉಳಿಸಿದ ರೂಪಾಯಿ, ತಡದ ಖರ್ಚಾಗಿ ಎರಡು ರೂಪಾಯಿಯಾಗಿ ಹೋಗುತ್ತದೆ.

ಇನ್ನು ನಮ್ಮ ಮಾತಿಗೆ ಬರೋಣ. ‘ಈ ಯೋಜನೆ ಬೇಕೆ?’ ಎಂದು ಊರನ್ನು ಕೇಳುವ ಆ ಸಾಮಾಜಿಕ ವಿಚಾರಣೆಯಿದೆಯಲ್ಲ, ನಮ್ಮ ರಾಜ್ಯವೂ 2019ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಕೆಲವು ಬಗೆಯ ಯೋಜನೆಗಳನ್ನು ಅದರಿಂದ ಬಿಡಿಸುವ ಅವಕಾಶ ಮಾಡಿಕೊಂಡಿದೆ. ಇದು ನನಗೆ ಸರಿ ಕಾಣದ ಕೆಲಸ. ಆದರೆ ಇರುವ ಕಾಯಿದೆ ಇದು. ಬೇಕೋ ಬೇಡವೋ ಎಂಬ ಮಾತು ನಮ್ಮ ಕಿವಿಗೆ ಬೀಳುವ ಮೊದಲೇ ಮುಗಿದಿರಬಹುದು. ಎಷ್ಟು ಕೊಡಬೇಕು ಎಂಬ ಮಾತು ಮಾತ್ರ ಉಳಿದಿರಬಹುದು. ಆ ಮಾತಿನಲ್ಲಾದರೂ ನಾವು ಸೋಲಬಾರದು.

ಪರಿಹಾರದ ಲೆಕ್ಕ ಹೀಗೆ. ರೈಲ್ವೆ ಕಾಯಿದೆಯಲ್ಲಿ ಭೂಮಿ ತೆಗೆದುಕೊಂಡರೂ 2015ರಿಂದ ಪರಿಹಾರವನ್ನು 2013ರ ಕಾಯಿದೆಯ ಪ್ರಕಾರವೇ ಕಟ್ಟಬೇಕು. ಮೊದಲು ಮಾರುಕಟ್ಟೆ ಬೆಲೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಒಂದು ಕಡೆ; ಸುತ್ತಮುತ್ತ ಹಿಂದಿನ ಮೂರು ವರ್ಷ ರಿಜಿಸ್ಟರಾದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ ಇನ್ನೊಂದು ಕಡೆ; ಇವುಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕು. ಹಳ್ಳಿಯ ಭೂಮಿಯಾದರೆ ಅದನ್ನು ಒಂದರಿಂದ ಎರಡರವರೆಗಿನ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಪೇಟೆಯಿಂದ ಎಷ್ಟು ದೂರ ಎಂಬುದನ್ನು ನೋಡಿ ಸರಕಾರ ಅದನ್ನು ಗೊತ್ತುಮಾಡುತ್ತದೆ. ಅದಕ್ಕೆ ಮರ, ಬಾವಿ, ಮನೆಗಳ ಬೆಲೆ ಕೂಡಿಸಿ, ಬಂದ ಮೊತ್ತಕ್ಕೆ ಅಷ್ಟೇ ಹಣ ಇನ್ನೊಮ್ಮೆ. ಕಚೇರಿಯಲ್ಲಿ ಅದಕ್ಕೆ ಸೊಲೇಶಿಯಂ ಎನ್ನುತ್ತಾರೆ.

ಒಂದು ಎಕರೆಯ ಉದಾಹರಣೆ ಇಟ್ಟುಕೊಳ್ಳಿ. ನಿಜವಾದ ಧಾರಣೆ ಹತ್ತು ಲಕ್ಷ. ಎರಡರಿಂದ ಗುಣಿಸಿದರೆ ಇಪ್ಪತ್ತು. ಮರ, ಬೋರ್‌ವೆಲ್ ಸೇರಿ ಮೂರು ಲಕ್ಷ, ಇಪ್ಪತ್ತಮೂರು. ಇನ್ನೊಂದು ಇಪ್ಪತ್ತಮೂರು ಸೇರಿ ನಲವತ್ತಾರು ಲಕ್ಷ. ಸರಿ. ಈಗ ನಿಮ್ಮ ಊರಿನಲ್ಲಿ ನಡೆಯುವುದೇನು? ಹತ್ತು ಲಕ್ಷಕ್ಕೆ ಕೊಂಡು, ಸ್ಟಾಂಪಿನ ಖರ್ಚು ಉಳಿಯಲಿ ಅಂತ ಪತ್ರದಲ್ಲಿ ಐದು ಲಕ್ಷ ಬರೆಸುತ್ತಾರೆ. ಊರೆಲ್ಲ ಹಾಗೇ ಬರೆಸಿದರೆ, ಮಾರ್ಗಸೂಚಿ ದರವೂ ಅದರ ಆಸುಪಾಸಿನಲ್ಲೇ ಇದ್ದರೆ, ಸರಕಾರದ ಮುಂದೆ ನಿಮ್ಮ ಎಕರೆಯ ಬೆಲೆ ಐದೇ ಲಕ್ಷ. ಗುಣಿಸಿದರೆ ಹತ್ತು, ಮರ ಬಾವಿ ಸೇರಿ ಹದಿಮೂರು, ಎರಡರಷ್ಟಾಗಿ ಇಪ್ಪತ್ತಾರು. ಇಪ್ಪತ್ತು ಲಕ್ಷ ಎಲ್ಲಿ ಹೋಯಿತು? ಸ್ಟಾಂಪಿನಲ್ಲಿ ಉಳಿಸಿದ ಚಿಲ್ಲರೆಯ ಜೊತೆ ಹೋಯಿತು. ಪತ್ರ ಬರೆಸಿದವನೊಬ್ಬನದಲ್ಲ, ಅಕ್ಕಪಕ್ಕದವರದೂ ಹೋಯಿತು.

ಮರ, ಬಾವಿಗಳ ಬೆಲೆಯೂ ಹೀಗೆಯೇ. ಹೊಲದಲ್ಲಿ ಬೋರ್‌ವೆಲ್ ಹಾಕಿಸಿ ಹತ್ತು ವರ್ಷದಿಂದ ಹಿಪ್ಪುನೇರಳೆ ಬೆಳೆಯುತ್ತಿರುತ್ತೀರಿ. ಪಹಣಿಯಲ್ಲಿ ನೋಡಿದರೆ ಖುಷ್ಕಿ, ಬೆಳೆ ರಾಗಿ! ಇರುವ ಬೆಳೆ ಬರೆಸಲು ಮೊದಲು ಶಾನುಭೋಗರ ಹಿಂದೆ ಹೋಗಬೇಕಿತ್ತು. ಈಗ ಬೆಳೆ ಸಮೀಕ್ಷೆಯಲ್ಲಿ ರೈತನೇ ಫೋಟೊ ತೆಗೆದು ಸೇರಿಸಬಹುದು. ಅದನ್ನು ಸೋಮಾರಿತನ ಮಾಡದೆ ಮಾಡಿ. ಭೂಸ್ವಾಧೀನದವರು ಮಹಜರಿಗೆ ಬಂದ ದಿನ ಮನೆಯವರೊಬ್ಬರು ಹೊಲದಲ್ಲಿ ಇರಲೇಬೇಕು. ಮರಗಳನ್ನು ಎಣಿಸಿ, ವಯಸ್ಸು ಹೇಳಿ, ಪೈಪ್‌ಲೈನು ಎಲ್ಲಿ ಹೂತಿದೆ ತೋರಿಸಿ, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ರುಜು. ಹೊಲ ಎರಡು ತುಂಡಾಗಿ ಉಳಿದ ತುಂಡಿಗೆ ಆಗುವ ನಷ್ಟವನ್ನೂ ಪರಿಹಾರದಲ್ಲಿ ಸೇರಿಸಬೇಕೆಂದು ಕಾಯಿದೆಯಲ್ಲಿದೆ. ಕೇಳದಿದ್ದರೆ ಯಾರೂ ತಾವಾಗಿ ಸೇರಿಸುವುದಿಲ್ಲ.

ತಾಯಂದಿರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಖಾತೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ ಬೇರೆ ಬೇರೆ ಉಳುತ್ತಿರುತ್ತಾರೆ. ಪರಿಹಾರ ಬಂದಾಗ ಹಕ್ಕಿನ ತಕರಾರು ಎದ್ದರೆ ಹಣ ಯಾರ ಕೈಗೂ ಬರದೆ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ. ಭೂಮಿ ಮಾತ್ರ ಹೋಗಿರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಮದುವೆಯಾಗಿ ಹೋದ ಅಕ್ಕನನ್ನು ಪರಿಹಾರದ ದಿನ ನೆನೆಸಿಕೊಳ್ಳುವುದಕ್ಕಿಂತ, ಈಗಲೇ ಕೂತು ಮಾತಾಡಿ ಪೌತಿ ಖಾತೆ, ಪೋಡಿ ಮಾಡಿಸಿಕೊಳ್ಳುವುದು ಮನೆಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಮೊದಲ ಅಧಿಸೂಚನೆ ಹೊರಟ ಮೇಲೆ ಆ ಭೂಮಿಯನ್ನು ಮಾರುವುದಕ್ಕೂ ಬರುವುದಿಲ್ಲ, ಅಡವು ಇಡುವುದಕ್ಕೂ ಬರುವುದಿಲ್ಲ.

ಸ್ವಂತ ಭೂಮಿಯಿಲ್ಲದ, ಅದೇ ಹೊಲದಲ್ಲಿ ಮೂರು ವರ್ಷದಿಂದ ಕೂಲಿ ಮಾಡಿ ಅಥವಾ ಕೋರಿಗೆ ಉತ್ತು ಬದುಕಿದವರನ್ನೂ ಕಾಯಿದೆ ಬಾಧಿತ ಕುಟುಂಬ ಎಂದೇ ಕರೆಯುತ್ತದೆ. ಕೆಲಸ, ಇಲ್ಲವೆ ಐದು ಲಕ್ಷ ರೂಪಾಯಿ, ಇಲ್ಲವೆ ಇಪ್ಪತ್ತು ವರ್ಷ ತಿಂಗಳಿಗೆ ಎರಡು ಸಾವಿರಕ್ಕೆ ಕಡಿಮೆಯಿಲ್ಲದ ಹಣ, ಇವುಗಳಲ್ಲಿ ಒಂದು ಅವರಿಗೆ ಬರಬೇಕು. ಜಮೀನ್ದಾರರು ಅವರ ಹೆಸರನ್ನು ಪಟ್ಟಿಗೆ ಸೇರಿಸಲು ಹಿಂಜರಿಯಬಾರದು. ಅದು ನಿಮ್ಮ ಪಾಲಿನಿಂದ ಕತ್ತರಿಸಿ ಕೊಡುವ ಹಣವಲ್ಲ.

ಕೊನೆಯದಾಗಿ ತಾರೀಖಿನ ವಿಷಯ. ರೈಲ್ವೆ ಕಾಯಿದೆಯ ಅಧಿಸೂಚನೆಯಾದರೆ ಆಕ್ಷೇಪಣೆಗೆ ಮೂವತ್ತು ದಿನ. 2013ರ ಕಾಯಿದೆಯದಾದರೆ ಅರವತ್ತು ದಿನ. ಯಾವ ಕಾಯಿದೆ ಎಂಬುದು ಅಧಿಸೂಚನೆಯ ಮೊದಲ ಸಾಲಿನಲ್ಲೇ ಇರುತ್ತದೆ. ಕನ್ನಡ ಪತ್ರಿಕೆಯಲ್ಲೂ ಬರಬೇಕು. ಸರ್ವೆ ನಂಬರನ್ನು ಒಂದೊಂದಾಗಿ ನೋಡಿ. ಆಕ್ಷೇಪಣೆಯನ್ನು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ; ಕಟ್ಟೆಯ ಮೇಲೆ ಆಡಿದ ಆಕ್ಷೇಪಣೆ ದಫ್ತರಕ್ಕೆ ಹೋಗುವುದಿಲ್ಲ. ಪರಿಹಾರದ ಐತೀರ್ಪು ಬಂದಾಗ ಹಣ ಕಡಿಮೆಯೆಂದು ಕಂಡರೆ, ಹಣವನ್ನು ಬಿಡಬೇಡಿ, ಆದರೆ ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆದೇ ರುಜು ಮಾಡಿ. ಹಾಗೆ ಬರೆಯದೆ ತೆಗೆದುಕೊಂಡವನಿಗೆ 2013ರ ಕಾಯಿದೆಯಲ್ಲಿ ಮುಂದೆ ಹೆಚ್ಚು ಕ��ಳುವ ಹಕ್ಕಿಲ್ಲ. ಐತೀರ್ಪಿನ ದಿನ ನೀವು ಹಾಜರಿದ್ದರೆ ಅಂದಿನಿಂದ ಆರು ವಾರದೊಳಗೆ ಅರ್ಜಿ ಹಾಕಬೇಕು. ರೈಲ್ವೆ ಕಾಯಿದೆಯಲ್ಲಾದರೆ ಅರ್ಜಿ ಹೋಗುವುದು ಕೇಂದ್ರ ಸರಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಪೂರ್ತಿ ಪರಿಹಾರ ಕೊಡುವ ಮೊದಲು ಹೊಲಕ್ಕೆ ಯಂತ್ರ ಇಳಿಸುವಂತಿಲ್ಲ. ಇಳಿಸಲು ಬಂದರೆ ತಹಸೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಅದೇ ದಿನ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ.